ಕಬ್ಬು ಯಾಕೆ ದಪ್ಪ ಆಗಲ್ಲ, ಸತ್ತ ಕೋಶ ಹೆಂಗೆ ನೀರು ಸಾಗಿಸುತ್ತೆ: 9ನೇ ಕ್ಲಾಸ್ ಅಂಗಾಂಶ ಪಾಠದ ಬಗ್ಗೆ

ಪ್ರಶ್ನೆ: ಸರ್ ನಮಸ್ತೆ, ನಾವು ಮದ್ದೂರು ಕಡೆಯವರು, ಕಬ್ಬು ಭತ್ತ ಬೆಳೀತೀವಿ. ಮಗಳು 9ನೇ ಕ್ಲಾಸು. ಅಂಗಾಂಶದ ಪಾಠ ದಿನಾ ಬಾಯಿಪಾಠ ಮಾಡ್ತಾಳೆ, ಟೆಸ್ಟಲ್ಲಿ ಬರೆಯುವಾಗ ಕ್ಸೈಲಂ ಫ್ಲೋಯಂ ಎಲ್ಲಾ ಅದಲು ಬದಲು. ಮೊನ್ನೆ ಗದ್ದೆ ಹತ್ರ ಬಂದವಳು, ಅಪ್ಪಾ ಬದು ಮೇಲಿನ ಬೇವಿನಮರ ವರ್ಷ ವರ್ಷ ದಪ್ಪ ಆಗುತ್ತಲ್ಲ, ಕಬ್ಬು ಯಾಕೆ ಬರೀ ಉದ್ದ ಬೆಳೆಯುತ್ತೆ ಅಂದ್ಲು. ಸತ್ತ ಜೀವಕೋಶ ಹೆಂಗೆ ನೀರು ಸಾಗಿಸುತ್ತೆ, ರಕ್ತ ನೀರಿನ ತರ ಇದೆಯಲ್ಲ ಅದನ್ನ ಯಾಕೆ ಅಂಗಾಂಶ ಅಂತಾರೆ ಅಂತಾನೂ ಕೇಳಿದ್ಲು. ನನಗೆ ಉತ್ತರ ಗೊತ್ತಾಗ್ಲಿಲ್ಲ. ಮೈಕ್ರೋಸ್ಕೋಪ್ ಕೊಡಿಸಬೇಕಾ? ಟ್ಯೂಷನ್ ಸೇರಿಸಬೇಕಾ?

ಉತ್ತರ: ಮಗಳಿಗೆ ಪಾಠ ಅರ್ಥ ಆಗಿಲ್ಲ ಅಂತ ನೀವು ಅಂದ್ಕೊಂಡಿದೀರಲ್ಲ, ಅದನ್ನ ಮೊದಲು ಮನಸ್ಸಿಂದ ತೆಗೆದುಬಿಡಿ. ಈ ಮೂರು ಪ್ರಶ್ನೆ ಕೇಳೋ ಮಗುಗೆ ಪಾಠ ಚೆನ್ನಾಗೇ ಒಳಗೆ ಹೋಗ್ತಾ ಇದೆ, ಹೆಸರುಗಳು ಮಾತ್ರ ಇನ್ನೂ ಕೂತಿಲ್ಲ. ನಾನು ಮಂಡ್ಯ ಜಿಲ್ಲೆ ಹೈಸ್ಕೂಲುಗಳಲ್ಲಿ 27 ವರ್ಷ ಜೀವಶಾಸ್ತ್ರ ಹೇಳ್ಕೊಟ್ಟು ಈಗ ರಿಟೈರ್ ಆಗಿ ಮೈಸೂರಲ್ಲಿದೀನಿ. ಮೊದಮೊದಲು ನಾನೂ ಬೋರ್ಡ್ ಮೇಲೆ ದೊಡ್ಡ ಚಾರ್ಟ್ ಬರೀತಿದ್ದೆ, ಸಸ್ಯ ಅಂಗಾಂಶ ಅಂತ ಒಂದು ಕಡೆ ಪ್ರಾಣಿ ಅಂಗಾಂಶ ಅಂತ ಇನ್ನೊಂದು ಕಡೆ, ಕೆಳಗೆ ಕವಲು ಕವಲಾಗಿ ಇಪ್ಪತ್ತು ಹೆಸರು, ಮಕ್ಕಳು ಸದ್ದಿಲ್ದೆ ಕಾಪಿ ಮಾಡ್ಕೊಳ್ಳೋರು. ಒಂದು ಸಲ ಆಲೆಮನೆ ನಡೆಸೋರ ಮನೆ ಹುಡುಗ ಒಬ್ಬ ಎದ್ದು ನಿಂತು "ಸಾ, ಕಬ್ಬು ಜಗಿದ ಮೇಲೆ ಬಾಯಲ್ಲಿ ನಾರು ಉಳೀತದಲ್ಲ, ಅದು ಇದ್ರಲ್ಲಿ ಯಾವ್ದು ಸಾ" ಅಂತ ಬೋರ್ಡ್ ತೋರಿಸಿ ಕೇಳಿದ. ನಾನು ಉತ್ತರ ಹೇಳ್ದೆ, ಆದ್ರೆ ಆ ಪ್ರಶ್ನೆ ನಾನು ಕೇಳಬೇಕಿತ್ತು ಅಂತ ಅವತ್ತು ಬಹಳ ಅನ್ನಿಸ್ತು. ಮಾರನೇ ದಿನದಿಂದ ಈ ಪಾಠಕ್ಕೆ ಕ್ಲಾಸಿಗೆ ಕಬ್ಬಿನ ಜಲ್ಲೆ ತಗೊಂಡು ಹೋಗೋಕೆ ಶುರು ಮಾಡಿದೆ. ನಿಮ್ಮ ಮನೇಲಿ ಕಬ್ಬೇ ಇದೆ, ಅಲ್ಲಿಂದಾನೇ ಹೋಗೋಣ.

ಒಂದು ಬಲಿತ ಜಲ್ಲೆ ತಗೊಳ್ಳಿ, ಹರಿತವಾದ ಮಚ್ಚಲ್ಲಿ ಎರಡು ಗೆಣ್ಣಿನ ಮಧ್ಯೆ ಅಡ್ಡಕ್ಕೆ ಕತ್ತರಿಸಿ. ಜಜ್ಜಬಾರದು, ಒಂದೇ ಏಟಿಗೆ ನೀಟಾಗಿ ಬರಬೇಕು. ಕತ್ತರಿಸಿದ ಮುಖ ಬೆಳಕಿಗೆ ಹಿಡಿದು ಮಗಳಿಗೆ ತೋರಿಸಿ, ಬಿಳೀ ತಿರುಳಿನ ತುಂಬಾ ಸೂಜಿ ಚುಚ್ಚಿದ ಹಾಗೆ ಸಣ್ಣ ಸಣ್ಣ ಚುಕ್ಕಿ ಕಾಣುತ್ತೆ. ಮಧ್ಯದಲ್ಲಿ ದೂರ ದೂರ, ಅಂಚಿಗೆ ಬರ್ತಾ ಬರ್ತಾ ಒತ್ತೊತ್ತಾಗಿ, ಸಿಪ್ಪೆ ಹತ್ರ ಅಂತೂ ಚುಕ್ಕಿಗೆ ಚುಕ್ಕಿ ಅಂಟಿಕೊಂಡಿರುತ್ತೆ. ಒಂದೊಂದು ಚುಕ್ಕಿಯೂ ಒಂದೊಂದು ಪೈಪಿನ ಕಟ್ಟು, ಅದರೊಳಗೆ ನೀರಿನ ಕ್ಸೈಲಂ ಇದೆ, ಸಕ್ಕರೆ ಸಾಗಿಸೋ ಫ್ಲೋಯಂ ಇದೆ, ಸುತ್ತ ಗಟ್ಟಿ ನಾರಿನ ಕವಚ ಇದೆ, ಆ ಕವಚಾನೇ ಸ್ಕ್ಲೀರೆಂಕೈಮ. ಚುಕ್ಕಿಗಳ ಮಧ್ಯೆ ಇರೋ ಮೆತ್ತನೆ ತಿರುಳು ಪೇರೆಂಕೈಮ. ನಾವು ಕುಡಿಯೋ ಕಬ್ಬಿನ ಹಾಲು ಮುಖ್ಯವಾಗಿ ಇರೋದು ಆ ಪೇರೆಂಕೈಮ ಕೋಶಗಳ ಒಳಗಿನ ರಸದಾನಿಗಳಲ್ಲಿ. ಗಾಣದಲ್ಲಿ ಹಿಂಡಿದಾಗ ಆ ಮೆತ್ತನೆ ಕೋಶಗಳು ಒಡೆದು ರಸ ಕೆಳಗೆ ಇಳಿಯುತ್ತೆ, ಗಟ್ಟಿ ನಾರು ಒಡೆಯಲ್ಲ, ಅದು ಇನ್ನೊಂದು ಕಡೆ ರಚ್ಚಾಗಿ ಬೀಳುತ್ತೆ. ನೀವು ಎಷ್ಟೋ ವರ್ಷದಿಂದ ನೋಡ್ತಾ ಇರೋದೇ, ಪೇರೆಂಕೈಮ ಒಂದು ಕಡೆ ಸ್ಕ್ಲೀರೆಂಕೈಮ ಒಂದು ಕಡೆ ಅಂತ ಗಾಣ ಬೇರೆ ಮಾಡಿ ಕೊಡ್ತಾ ಇದೆ. ಆ ಹುಡುಗ ಕೇಳಿದ ಬಾಯಲ್ಲಿ ಉಳಿಯೋ ನಾರು ಇದೇ.

ಈಗ ದಪ್ಪ ಆಗೋ ವಿಷಯ. ಗಿಡಕ್ಕೂ ನಮಗೂ ಒಂದು ದೊಡ್ಡ ವ್ಯತ್ಯಾಸ ಏನಪ್ಪಾ ಅಂದ್ರೆ, ಮಗು ಬೆಳೆಯುವಾಗ ಕೈ ಕಾಲು ಹೊಟ್ಟೆ ತಲೆ ಎಲ್ಲಾ ಕಡೆ ಬೆಳೆಯುತ್ತೆ, ಗಿಡ ಹಂಗಲ್ಲ, ಅದಕ್ಕೆ ಬೆಳೆಯೋ ಜಾಗಗಳು ಫಿಕ್ಸ್ ಆಗಿರ್ತವೆ. ಆ ಜಾಗದಲ್ಲಿ ಇರೋ ಕೋಶಗಳು ಒಡೆದು ಎರಡಾಗ್ತಾ ಹೋಗ್ತವೆ, ಅದಕ್ಕೆ ವರ್ಧನ ಅಂಗಾಂಶ ಅಂತ ಹೆಸರು. ಕಾಂಡದ ತುದಿ, ಅಂದ್ರೆ ಸುಳಿ, ಒಂದು ಜಾಗ. ಬೇರಿನ ತುದಿ ಇನ್ನೊಂದು. ಬೇವು ಮಾವು ಹುಣಸೆ ತರದ ಮರಗಳಿಗೆ ಇವೆರಡರ ಜೊತೆ ತೊಗಟೆಗೂ ಮರಕ್ಕೂ ಮಧ್ಯೆ ತೆಳ್ಳಗೆ ಒಂದು ಪದರ ಇರುತ್ತೆ, ಕಾಂಡದ ಸುತ್ತ ಬಳೆ ಹಾಕಿದ ಹಾಗೆ, ಅದು ಕ್ಯಾಂಬಿಯಂ. ಅದು ಒಳಗಡೆಗೆ ಕ್ಸೈಲಂ ಹೊರಗಡೆಗೆ ಫ್ಲೋಯಂ ಅಂತ ವರ್ಷ ವರ್ಷ ಹೊಸ ಪದರ ಹಾಕ್ತಾ ಹೋಗುತ್ತೆ, ಒಳಗಡೆಗೆ ಹಾಕೋದು ಜಾಸ್ತಿ, ಹಾಗಾಗಿ ಮರ ದಪ್ಪ ಆಗುತ್ತೆ. ನಿಮ್ಮ ನೇಗಿಲಿಗೆ ಬಾಗಿಲಿಗೆ ಬಳಸಿರೋ ಮರದ ದಿಮ್ಮಿ ಅನ್ನೋದು ಪೂರ್ತಿ ಹೀಗೆ ವರ್ಷ ವರ್ಷ ಕೂಡಿಟ್ಟ ಕ್ಸೈಲಂ.

ಕಬ್ಬು ಹುಲ್ಲಿನ ಜಾತಿ, ಏಕದಳ. ಅದರ ಪೈಪಿನ ಕಟ್ಟುಗಳಲ್ಲಿ ಕ್ಯಾಂಬಿಯಂ ಇಲ್ಲ. ಒಂದು ಗೆಣ್ಣುಸಂದು ಸುಳಿ ಹತ್ರ ಇದ್ದಾಗ ಎಷ್ಟು ದಪ್ಪ ಬರಬೇಕೋ ಅಷ್ಟು ಬಂದುಬಿಡುತ್ತೆ, ಆಮೇಲೆ ನೀವು ಎಷ್ಟೇ ಗೊಬ್ಬರ ಹಾಕಿ ಆ ಗೆಣ್ಣುಸಂದು ಬೇವಿನಮರದ ಹಾಗೆ ಸುತ್ತ ಪದರ ಕಟ್ಟಿ ದಪ್ಪ ಆಗಲ್ಲ, ಗೊಬ್ಬರದ ಫಲ ಮುಂದೆ ಬರೋ ಗೆಣ್ಣುಗಳಲ್ಲಿ ಕಾಣುತ್ತೆ. ವರ್ಷಕ್ಕೇ ಕಡಿದುಬಿಡ್ತೀವಲ್ಲ ಅದಕ್ಕೆ ದಪ್ಪ ಆಗಿಲ್ಲ ಅಂತ ಮಕ್ಕಳು ಹೇಳ್ತಾರೆ, ಅದು ಸರಿಯಲ್ಲ, ಬಿಟ್ಟರೂ ಆಗಲ್ಲ. ತೆಂಗು ನೋಡಿ, ಐವತ್ತು ವರ್ಷ ನಿಂತಿದ್ರೂ ಬುಡ ಬೇವಿನ ಹಾಗೆ ಅಗಲ ಆಗಲ್ಲ. ಕಾಯಿ ಕೀಳೋಕೆ ಹತ್ತಲಿ ಅಂತ ತೆಂಗಿನ ಮರಕ್ಕೆ ಕಚ್ಚು ಹಾಕ್ತಾರಲ್ಲ, ಅಜ್ಜನ ಕಾಲದಲ್ಲಿ ಹಾಕಿದ ಕಚ್ಚು ಇವತ್ತಿಗೂ ಹಂಗೇ ಬಾಯಿಬಿಟ್ಕೊಂಡಿರುತ್ತೆ. ಬೇವಿನ ಮರಕ್ಕೆ ಕೊಡಲಿ ಏಟು ಬಿದ್ರೆ ನಾಲ್ಕಾರು ವರ್ಷದಲ್ಲಿ ಸುತ್ತ ತುಟಿ ಉಬ್ಬಿದ ಹಾಗೆ ಬಂದು ಮುಚ್ಚಿಕೊಳ್ಳುತ್ತೆ. ಮುಚ್ಚೋದು ಕ್ಯಾಂಬಿಯಂ ಕೆಲಸ, ತೆಂಗಿಗೆ ಅದಿಲ್ಲ. ಮಾವಿನ ಕಸಿ ಕಟ್ಟುವಾಗ ನರ್ಸರಿಯವರು ಎರಡು ಕಡ್ಡಿಯ ಹಸಿರು ಪದರಕ್ಕೆ ಪದರ ಸೇರೋ ಹಾಗೆ ಅಷ್ಟು ನಾಜೂಕಾಗಿ ಕೂರಿಸ್ತಾರಲ್ಲ, ಅವರು ಸೇರಿಸ್ತಾ ಇರೋದು ಕ್ಯಾಂಬಿಯಂಗೆ ಕ್ಯಾಂಬಿಯಂ. ತೆಂಗಿಗೆ ಕಬ್ಬಿಗೆ ಯಾರೂ ಕಸಿ ಕಟ್ಟಲ್ಲ, ಯಾಕೆ ಅಂತ ನಿಮ್ಮ ಮಗಳು ಈಗ ತಾನೇ ಹೇಳ್ತಾಳೆ ನೋಡಿ.

ಇದರ ಜೊತೆಗೇ ಅವಳಿಗೆ ಒಂದು ಪ್ರಶ್ನೆ ಕೇಳಿ. ನೀನು ಮೂರನೇ ಕ್ಲಾಸಲ್ಲಿ ಮಾವಿನ ಮರದ ಕಾಂಡಕ್ಕೆ ನಿನ್ನ ಎದೆ ಎತ್ತರಕ್ಕೆ ಒಂದು ಮೊಳೆ ಹೊಡೆದಿದ್ರೆ, ಈಗ ಮರ ಎರಡರಷ್ಟು ಎತ್ತರ ಆದ ಮೇಲೆ ಮೊಳೆ ಎಷ್ಟು ಎತ್ತರದಲ್ಲಿರುತ್ತೆ? ಹತ್ತರಲ್ಲಿ ಎಂಟು ಮಕ್ಕಳು ಮೇಲೆ ಹೋಗಿರುತ್ತೆ ಅಂತಾರೆ, ದೊಡ್ಡವರೂ ಅಂತಾರೆ. ಇಲ್ಲ, ಅಲ್ಲೇ ಇರುತ್ತೆ, ಯಾಕಂದ್ರೆ ಉದ್ದ ಬೆಳೆಯೋದು ತುದಿಯಲ್ಲಿ ಮಾತ್ರ, ಕೆಳಗಿನ ಕಾಂಡ ಬರೀ ದಪ್ಪ ಆಗುತ್ತೆ, ಮೊಳೆ ಮರದೊಳಗೆ ಹುದುಗಿ ಹೋಗಬಹುದು ಅಷ್ಟೇ. ಈ ಒಂದು ಪ್ರಶ್ನೆಗೆ ಉತ್ತರ ಹೊಳೆದ್ರೆ ತುದಿ ವರ್ಧನ, ಪಾರ್ಶ್ವ ವರ್ಧನ ಅನ್ನೋ ಎರಡು ಹೆಸರು ಜನ್ಮದಲ್ಲಿ ಮರೆಯಲ್ಲ.

ಹುಲ್ಲಿನ ಜಾತಿಗೆ ಇನ್ನೊಂದು ಅನುಕೂಲ ಇದೆ, ಗೆಣ್ಣಿನ ಹತ್ರಾನೂ ಎಲೆಯ ಬುಡದಲ್ಲೂ ಬೆಳೆಯೋ ಅಂಗಾಂಶ ಇರುತ್ತೆ. ದನ ತುದಿ ಮೇಯ್ದು ಹೋದ್ರೂ ಗರಿಕೆ ವಾರದಲ್ಲಿ ಮತ್ತೆ ಎದ್ದು ನಿಲ್ಲೋದು ಇದರಿಂದ. ಕಬ್ಬಲ್ಲಿ ಇದನ್ನ ನೋಡೋಕೆ ಗಾಳಿ ಮಳೆಗೆ ಒರಗಿದ ಗದ್ದೆಗೆ ಹೋಗಿ. ಮಲಗಿದ ಜಲ್ಲೆ ಹತ್ತು ಹದಿನೈದು ದಿನದಲ್ಲಿ ತುದಿ ಕಡೆಯಿಂದ ಮೇಲಕ್ಕೆ ಬಾಗಿ ಏಳುತ್ತಲ್ಲ, ಬಗ್ಗಿರೋ ಜಾಗ ಕೈಯಲ್ಲಿ ಮುಟ್ಟಿ ನೋಡಿ, ಗೆಣ್ಣುಸಂದಿನ ಮಧ್ಯೆ ಬಗ್ಗಿರಲ್ಲ, ಗೆಣ್ಣಿನ ಮೇಲ್ಗಡೆ ಉಂಗುರದ ಹಾಗೆ ಇರೋ ಕಡೆ ಬಗ್ಗಿರುತ್ತೆ. ಆ ಉಂಗುರದಲ್ಲಿ ನೆಲದ ಕಡೆಯ ಕೋಶಗಳು ಜಾಸ್ತಿ ಬೆಳೆದು ಜಲ್ಲೇನ ಎತ್ತಿರ್ತವೆ. ನೋಡಿದವರಿಗೆ ಜಲ್ಲೆ ತಾನೇ ಎದ್ದ ಹಾಗೆ ಕಾಣುತ್ತೆ. ಸುಳಿ ಕೊರಕ ಹುಳ ಎಳೇ ಕಬ್ಬಿನ ಸುಳಿ ತಿಂದ್ರೆ ಆ ಸುಳಿ ಒಣಗಿ ಕಿತ್ತರೆ ಕೈಗೆ ಬರುತ್ತೆ, ಆದ್ರೆ ಬುಡದಿಂದ ಬೇರೆ ಮರಿ ಬರ್ತವೆ. ತೆಂಗಿಗೆ ಹಂಗಿಲ್ಲ, ಇರೋದೇ ಒಂದು ಸುಳಿ, ಸುಳಿ ಕೊಳೆತ್ರೆ ಮರ ಮುಗೀತು. ಇಷ್ಟು ಗೊತ್ತಿರೋ ರೈತರ ಮನೆ ಮಗುಗೆ ವರ್ಧನ ಅಂಗಾಂಶ ಅನ್ನೋದು ಹೊಸ ವಿಷಯ ಅಲ್ಲವೇ ಅಲ್ಲ. ಟಿಶ್ಯೂ ಕಲ್ಚರ್ ಬಾಳೆ ಅಂತ ತಂದು ನೆಡ್ತೀರಲ್ಲ, ಅದರಲ್ಲೂ ಇದೇ ಕಥೆ, ಒಳ್ಳೆ ಬಾಳೆ ಕಂದಿನ ಬೆಳೆಯೋ ತುದಿಯ ಚೂರು ತೆಗೆದು ಬಾಟಲಿಯಲ್ಲಿ ಆಹಾರ ಕೊಟ್ಟು ಒಂದರಿಂದ ಸಾವಿರಾರು ಸಸಿ ಮಾಡಿರ್ತಾರೆ. ಟಿಶ್ಯೂ ಅಂದ್ರೆ ಅಂಗಾಂಶ, ಅಷ್ಟೇ.

ಎರಡನೇ ಪ್ರಶ್ನೆ, ಸತ್ತ ಕೋಶ ಹೆಂಗೆ ಕೆಲಸ ಮಾಡುತ್ತೆ. ಈ ಪಾಠದಲ್ಲಿ ನನಗೆ ಬಹಳ ಇಷ್ಟವಾದ ಪ್ರಶ್ನೆ ಇದು, ಮಕ್ಕಳು ಕೇಳೋದೇ ಕಡಿಮೆ, ಪುಸ್ತಕದಲ್ಲಿ ಕ್ಸೈಲಂನ ಹೆಚ್ಚಿನ ಕೋಶಗಳು ನಿರ್ಜೀವ ಅಂತ ಓದ್ಕೊಂಡು ಮುಂದೆ ಹೋಗಿಬಿಡ್ತಾರೆ. ನೀವು ಗದ್ದೆಗೆ ಪೈಪ್ ಹಾಕಿಸ್ತೀರಿ, ಪೈಪಿಗೆ ಜೀವ ಇರಬೇಕಾ? ಒಳಗೆ ಖಾಲಿ ಇರಬೇಕು, ಗೋಡೆ ಗಟ್ಟಿ ಇರಬೇಕು, ಅಷ್ಟೇ ತಾನೇ. ಕ್ಸೈಲಂ ನಾಳದ ಕೋಶ ಹುಟ್ಟುವಾಗ ಜೀವಂತಾನೇ, ಒಳಗೆ ರಸ ಇರುತ್ತೆ ಕೋಶಕೇಂದ್ರ ಇರುತ್ತೆ. ಆಮೇಲೆ ಅದು ಗೋಡೆಗೆ ಲಿಗ್ನಿನ್ ಅನ್ನೋ ಗಟ್ಟಿ ವಸ್ತು ಮೆತ್ತಿಕೊಳ್ಳುತ್ತೆ, ಗೋಡೆ ಕೆಲಸ ಮುಗಿದ ಮೇಲೆ ಒಳಗಿನದನ್ನೆಲ್ಲಾ ತಾನೇ ಕರಗಿಸಿಕೊಂಡು ಸಾಯುತ್ತೆ, ಮೇಲೆ ಕೆಳಗೆ ಇರೋ ಕೋಶಗಳ ನಡುವಿನ ಅಡ್ಡಗೋಡೇನೂ ಹೋಗಿ ಒಂದರ ಮೇಲೊಂದು ಕೊಳವೆ ಜೋಡಿಸಿದ ಹಾಗೆ ಉದ್ದ ಪೈಪ್ ಆಗುತ್ತೆ. ಕೋಶ ಬದುಕಿದ್ದು ಒಳಗೆಲ್ಲಾ ತುಂಬ್ಕೊಂಡಿದ್ರೆ ನೀರಿಗೆ ಅಡ್ಡ ಆಗೋದು. ಇನ್ನು ಈ ಪೈಪಲ್ಲಿ ನೀರನ್ನ ಯಾರೂ ಕೆಳಗಿಂದ ಪಂಪ್ ಮಾಡಿ ತಳ್ಳಲ್ಲ, ಮುಖ್ಯವಾಗಿ ಮೇಲಿಂದ ಎಳೆಯೋದು. ಎಲೆಯಿಂದ ನೀರು ಆವಿಯಾಗಿ ಹೋಗ್ತಾ ಇದ್ರೆ ಹಿಂದಿನ ನೀರಿನ ಎಳೆ ಮೇಲಕ್ಕೆ ಬರುತ್ತೆ, ನೀರಿನ ಕಣಗಳು ಒಂದಕ್ಕೊಂದು ಕೈ ಹಿಡ್ಕೊಂಡಿರೋದ್ರಿಂದ ಎಳೆ ತುಂಡಾಗಲ್ಲ. ಸ್ಟ್ರಾದಲ್ಲಿ ಎಳನೀರು ಜೋರಾಗಿ ಎಳೆದ್ರೆ ಪೇಪರ್ ಸ್ಟ್ರಾ ಒಳಕ್ಕೆ ಕುಗ್ಗುತ್ತಲ್ಲ, ಕ್ಸೈಲಂ ಹಂಗೆ ಕುಗ್ಗಬಾರದು ಅಂತಾನೇ ಗೋಡೆಗೆ ಅಷ್ಟು ಗಟ್ಟಿ, ಕೆಲವು ಕಡೆ ಸ್ಪ್ರಿಂಗ್ ತರ ಸುರುಳಿ ಬಲ. ಕೆರೇಲಿ ತಾವರೆ ದಂಟು ಮುರಿದು ನಿಧಾನಕ್ಕೆ ಎಳೆದ್ರೆ ಜೇಡರ ಬಲೆಗಿಂತ ಸಣ್ಣ ನೂಲು ಬರುತ್ತಲ್ಲ, ಆ ನೂಲು ಈ ಸುರುಳಿ ಬಿಚ್ಚಿಕೊಂಡು ಬಂದಿರೋದು.

ಬಣ್ಣದ ನೀರಿನ ಪ್ರಯೋಗ ಸುಲಭ, ಸುಗಂಧರಾಜ ಹೂವಿನ ಕಡ್ಡಿ ನಮ್ಮ ಕಡೆ ಎಲ್ಲಾ ಕಡೆ ಸಿಗುತ್ತೆ, ಬುಡ ಓರೆಗೆ ಕತ್ತರಿಸಿ ನೀಲಿ ಇಂಕ್ ಕಲಸಿದ ಲೋಟದಲ್ಲಿ ಇಡಿ, ಬೆಳಗ್ಗೆ ಇಟ್ಟರೆ ಸಾಯಂಕಾಲ ಇಲ್ಲಾಂದ್ರೆ ಮಾರನೇ ದಿನದ ಹೊತ್ತಿಗೆ ಬಿಳೀ ಎಸಳಲ್ಲಿ ನೀಲಿ ಗೆರೆ ಕಾಣುತ್ತೆ. ಆಮೇಲೆ ಕಡ್ಡಿ ಅಡ್ಡ ಕತ್ತರಿಸಿ ಯಾವ ಚುಕ್ಕಿ ನೀಲಿ ಆಗಿದೆ ನೋಡಲಿ.

ಫ್ಲೋಯಂ ಬೇರೆ ತರ. ಅದರ ಜರಡಿ ನಾಳದ ಕೋಶಗಳು ಬದುಕಿರ್ತವೆ ಆದ್ರೆ ಕೋಶಕೇಂದ್ರ ಇರಲ್ಲ, ಪಕ್ಕದಲ್ಲೇ ಒಂದು ಸಂಗಾತಿ ಕೋಶ ಅಂಟಿಕೊಂಡಿದ್ದು ಅದರ ಸಂಸಾರಾನೂ ನೋಡ್ಕೊಳ್ಳುತ್ತೆ. ಎಲೆಯಲ್ಲಿ ತಯಾರಾದ ಸಕ್ಕರೆ ಬೇರಿಗೆ, ಕಾಯಿಗೆ, ಕಬ್ಬಿನ ತಿರುಳಿಗೆ ಹೋಗೋದು ಇಲ್ಲಿಂದ. ಕ್ಸೈಲಂ ಫ್ಲೋಯಂ ಅದಲು ಬದಲು ಆಗ್ತಿದೆ ಅಂದ್ರಲ್ಲ, ಅದಕ್ಕೆ ಸೀಬೆಗೆ ಗೂಟಿ ಕಟ್ಟೋದನ್ನ ತೋರಿಸಿ. ಕೊಂಬೆಯ ಸುತ್ತ ಒಂದು ಇಂಚು ಅಗಲ ತೊಗಟೆ ಉಂಗುರದ ಹಾಗೆ ಬಿಡಿಸ್ತಾರೆ. ತೊಗಟೆ ಜೊತೆ ಫ್ಲೋಯಂ ಹೋಯ್ತು, ಒಳಗೆ ಮರದಲ್ಲಿ ಕ್ಸೈಲಂ ಉಳೀತು. ಆದ್ದರಿಂದ ಮೇಲಿನ ಎಲೆಗೆ ನೀರು ಬರ್ತಾನೇ ಇರುತ್ತೆ, ಬಾಡಲ್ಲ. ಎಲೆ ಮಾಡಿದ ಸಕ್ಕರೆ ಕೆಳಗೆ ಹೋಗೋಕೆ ದಾರಿ ಇಲ್ದೆ ಗಾಯದ ಮೇಲ್ಗಡೆ ತುಂಬ್ಕೊಳ್ಳುತ್ತೆ, ಆ ಜಾಗ ಉಬ್ಬುತ್ತೆ, ಒದ್ದೆ ತೆಂಗಿನ ನಾರೋ ಪಾಚಿಯೋ ಸುತ್ತಿ ಪ್ಲಾಸ್ಟಿಕ್ ಕಟ್ಟಿದ್ರೆ ಅಲ್ಲೇ ಬೇರು ಬರುತ್ತೆ. ಅದೇ ತರ ದೊಡ್ಡ ಮರದ ಬುಡಕ್ಕೆ ಸುತ್ತ ತೊಗಟೆ ಕೆತ್ತಿಬಿಟ್ರೆ ಮರ ತಕ್ಷಣ ಬಾಡಲ್ಲ, ಎಷ್ಟೋ ತಿಂಗಳು ಹಸಿರಾಗೇ ಇದ್ದು ಬೇರಿಗೆ ಊಟ ಸಿಗದೆ ಆಮೇಲೆ ಸಾಯುತ್ತೆ. ಒಂದು ಸಲ ಗೂಟಿ ಕಟ್ಟಿದ ಮಗು ನೀರು ಮರದಲ್ಲಿ ಸಕ್ಕರೆ ತೊಗಟೇಲಿ ಅಂತ ಬರೆಯುವಾಗ ತಡವರಿಸಲ್ಲ.

ಕೋಲೆಂಕೈಮ ಒಂದು ಉಳೀತು. ಎಳೇ ದಂಟಿನ ಸೊಪ್ಪಿನ ಕಡ್ಡಿ ಬಗ್ಗಿಸಿದ್ರೆ ಬಗ್ಗುತ್ತೆ, ಕೊತ್ತಂಬರಿ ಕಡ್ಡಿ ಗಾಳಿಗೆ ತೂಗುತ್ತೆ ಮುರಿಯಲ್ಲ, ಆ ಬಗ್ಗೋ ಬಲ ಕೊಡೋದು ಕೋಲೆಂಕೈಮ, ಬದುಕಿರೋ ಕೋಶ, ಮೂಲೆಗಳಲ್ಲಿ ಗೋಡೆ ದಪ್ಪ. ದಂಟು ಬಲಿತು ಹೋಯ್ತು ಸಾರಿಗೆ ಬರಲ್ಲ ಅಂತ ಅಮ್ಮ ಎತ್ತಿಡ್ತಾರಲ್ಲ, ಅಷ್ಟು ಹೊತ್ತಿಗೆ ಒಳಗೆ ಲಿಗ್ನಿನ್ ತುಂಬಿ ಗಟ್ಟಿ ನಾರು ಬಂದಿರುತ್ತೆ. ತೆಂಗಿನ ನಾರು ಸ್ಕ್ಲೀರೆಂಕೈಮ, ಚಿಪ್ಪೂ ಅದೇ ಗುಂಪು, ಸೀಬೆಹಣ್ಣು ತಿನ್ನುವಾಗ ಹಲ್ಲಿಗೆ ಮರಳು ತರ ಸಿಗೋ ಹರಳುಗಳಿವೆಯಲ್ಲ ಅವೂ ಇದರ ಕಲ್ಲುಕೋಶಗಳೇ.

ಈಗ ರಕ್ತ. ಅಂಗಾಂಶ ಅಂದ್ರೆ ಗಟ್ಟಿಯಾಗಿ ಇರಬೇಕು ಅಂತ ಎಲ್ಲೂ ಇಲ್ಲ. ಒಂದೇ ಮೂಲದ ಕೋಶಗಳು ಕೂಡಿ ಒಂದು ಕೆಲಸ ಮಾಡಬೇಕು, ಅಷ್ಟೇ. ಪ್ರಾಣಿಗಳಲ್ಲಿ ಸಂಯೋಜಕ ಅಂಗಾಂಶ ಅನ್ನೋ ಗುಂಪಿದೆ, ಅದರ ಗುರುತು ಏನು ಅಂದ್ರೆ ಕೋಶಗಳು ಒತ್ತೊತ್ತಾಗಿ ಇರಲ್ಲ, ಮಧ್ಯೆ ಬೇರೆ ಏನೋ ತುಂಬಿರುತ್ತೆ, ಆ ತುಂಬಿರೋದೇ ಅದರ ಗುಣ ತೀರ್ಮಾನ ಮಾಡುತ್ತೆ. ಮೂಳೆಯಲ್ಲಿ ಕ್ಯಾಲ್ಸಿಯಂ ರಂಜಕದ ಲವಣ ತುಂಬಿದೆ, ಆದ್ದರಿಂದ ಕಲ್ಲಿನ ಹಾಗೆ. ಮೃದ್ವಸ್ಥಿಯಲ್ಲಿ ರಬ್ಬರ್ ತರದ್ದು, ಕಿವಿ ಮಡಿಸಿ ಬಿಟ್ರೆ ಮತ್ತೆ ನೇರ ಆಗುತ್ತಲ್ಲ ಅದು. ರಕ್ತದಲ್ಲಿ ತುಂಬಿರೋದು ಪ್ಲಾಸ್ಮಾ ಅನ್ನೋ ದ್ರವ, ಹೆಚ್ಚು ಕಮ್ಮಿ ಶೇ. 55 ಭಾಗ ಅದೇ, ಉಳಿದದ್ದು ಕೋಶಗಳು. ಮೈ ತುಂಬಾ ಓಡಾಡಿ ಎಲ್ಲಾ ಅಂಗಾನೂ ಒಂದಕ್ಕೊಂದು ಜೋಡಿಸೋ ಅಂಗಾಂಶ ಗಟ್ಟಿ ಇದ್ರೆ ಆಗುತ್ತಾ? ಇನ್ನೊಂದು ಹೇಳಿ ಅವಳಿಗೆ, ಕೆಂಪು ರಕ್ತಕೋಶಕ್ಕೂ ನಮ್ಮಲ್ಲಿ ಕೋಶಕೇಂದ್ರ ಇಲ್ಲ, ಆಮ್ಲಜನಕ ತುಂಬ್ಕೊಳ್ಳೋಕೆ ಜಾಗ ಬೇಕು ಅಂತ ಬಿಟ್ಟುಕೊಟ್ಟಿದೆ, ಸುಮಾರು 120 ದಿನ ಓಡಾಡಿ ಮುಗಿಯುತ್ತೆ. ಸಾಗಿಸೋ ಕೆಲಸಕ್ಕೆ ಅಂತ ಫ್ಲೋಯಂ ಜರಡಿ ನಾಳಾನೂ ಕೋಶಕೇಂದ್ರ ಬಿಟ್ಟಿತ್ತಲ್ಲ, ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿದ್ರೆ ನನಗೆ ಇವತ್ತಿಗೂ ಮೈ ಜುಮ್ ಅನ್ನುತ್ತೆ.

ಪ್ರಾಣಿ ಅಂಗಾಂಶಕ್ಕೆ ಚಾರ್ಟ್ ಬೇಡ, ನಿಮ್ಮಲ್ಲಿ ಮಾಂಸ ತಿನ್ನೋ ಅಭ್ಯಾಸ ಇದ್ರೆ ಭಾನುವಾರ ಕೋಳಿ ತರುವಾಗ ಒಂದು ಕಾಲು ಪಾದದ ಸಮೇತ ಇಡೀ ಕೊಡು ಅಂತ ಕೇಳಿ, ಸಾರಿಗೆ ಹಾಕೋ ಮುಂಚೆ ಅರ್ಧ ಗಂಟೆ ಅವಳ ಕೈಗೆ ಕೊಡಿ. ಚರ್ಮ ಎಳೆದಾಗ ಮೇಲಿನ ಪದರ ಅನುಲೇಪಕ, ಚರ್ಮಕ್ಕೂ ಮಾಂಸಕ್ಕೂ ಮಧ್ಯೆ ಜೇಡರ ಬಲೆ ತರ ಬಿಳೀ ಪೊರೆ ಬರುತ್ತಲ್ಲ ಅದು ಸಡಿಲ ಸಂಯೋಜಕ, ಅಲ್ಲಲ್ಲಿ ಹಳದಿ ಕೊಬ್ಬು. ಕೆಂಪಗಿರೋ ಮಾಂಸ ಸ್ನಾಯು, ಬೆಂದ ಮೇಲೆ ಎಳೆ ಎಳೆಯಾಗಿ ಬಿಡುತ್ತೆ ನೋಡಿ, ಅವು ಸ್ನಾಯು ತಂತುಗಳ ಕಟ್ಟು. ಮಾಂಸ ತುದಿಗೆ ಬರ್ತಾ ಹೊಳೆಯೋ ಬಿಳೀ ದಾರ ಆಗಿ ಮೂಳೆಗೆ ಅಂಟುತ್ತೆ, ಅದು ಸ್ನಾಯುರಜ್ಜು. ಆಮೇಲೆ ಪಾದದ ಮೇಲ್ಗಡೆ ನೀವೇ ಕತ್ತರಿಸಿ ಕೊಡಿ, ಆ ಜಾಗದಲ್ಲಿ ಈ ಬಿಳೀ ದಾರಗಳು ಇಣುಕ್ತಾ ಇರ್ತವೆ, ಒಂದನ್ನ ಚಿಮುಟದಲ್ಲಿ ಹಿಡಿದು ಎಳೀಲಿ, ಸತ್ತ ಕೋಳಿಯ ಬೆರಳು ಮಡಚ್ಕೊಳ್ಳುತ್ತೆ. ಇದನ್ನ ಮೊದಲ ಸಲ ಮಾಡಿದ ಮಗು ಕೂಗಿಕೊಳ್ಳದೆ ಇದ್ದಿದ್ದು ನಾನು ನೋಡಿಲ್ಲ. ಮಾಂಸವನ್ನ ಮೂಳೆಗೆ ಕಟ್ಟೋದು ಸ್ನಾಯುರಜ್ಜು, ಮೂಳೆಯನ್ನ ಮೂಳೆಗೆ ಕಟ್ಟೋದು ಅಸ್ಥಿರಜ್ಜು, ಮಂಡಿ ಕೀಲು ಬಿಡಿಸುವಾಗ ಎಷ್ಟು ಎಳೆದ್ರೂ ಬರದೆ ಕೊನೆಗೆ ಚಾಕು ಬೇಕಾಗುತ್ತಲ್ಲ ಅಲ್ಲಿರೋದು. ಮೂಳೆ ತುದಿಯ ನುಣ್ಣನೆ ಬಿಳೀ ಟೋಪಿ ಮೃದ್ವಸ್ಥಿ. ಮೂಳೆ ಮುರಿದ್ರೆ ಒಳಗೆ ಕೆಂಪು ಮಜ್ಜೆ, ರಕ್ತಕೋಶ ಹುಟ್ಟೋ ಜಾಗ. ಒಂದು ಕಾಲಲ್ಲಿ ಇಷ್ಟು. ತಿಂದಾದ ಮೇಲೆ ಒಂದು ಸಣ್ಣ ಮೂಳೆ ತೊಳೆದು ವಿನಿಗರ್ ಬಾಟಲಿಯಲ್ಲಿ ಹಾಕಿಡಿ, ವಾರದಲ್ಲಿ ಲವಣ ಕರಗಿ ಮೂಳೆ ರಬ್ಬರ್ ತರ ಬಗ್ಗುತ್ತೆ, ಉಳಿದಿರೋದು ಕೊಲ್ಯಾಜನ್ ಅನ್ನೋ ನಾರು. ಕಾಲು ಸೂಪ್ ಆರಿದ ಮೇಲೆ ಗಟ್ಟಿ ಜೆಲ್ಲಿ ಆಗೋದೂ ಅದೇ ಕೊಲ್ಯಾಜನ್ ಬೆಂದು ಕರಗಿದ್ದರಿಂದ.

ಇನ್ನು ಮೂರು ತರ ಸ್ನಾಯು ಅಂತ ಬರುತ್ತೆ, ಮಟನ್ ಅಂಗಡೀಲಿ ಮೂರೂ ನೇತಾಕಿರ್ತಾರೆ. ತೊಡೆ ಮಾಂಸ ನಾವು ಹೇಳಿದಂಗೆ ಕೇಳೋ ಪಟ್ಟೆ ಸ್ನಾಯು, ಬೋಟಿಯ ಗೋಡೆ ಹೇಳದೇನೇ ತನ್ನ ಪಾಡಿಗೆ ಹಿಂಡೋ ಪಟ್ಟೆ ಇಲ್ಲದ ಸ್ನಾಯು, ಗುಂಡಿಗೆ ಮೂರನೇದು, ಪಟ್ಟೆ ಇದ್ರೂ ನಮ್ಮ ಮಾತು ಕೇಳಲ್ಲ, ಕವಲೊಡೆದು ಒಂದಕ್ಕೊಂದು ಹೆಣೆದುಕೊಂಡಿರೋದ್ರಿಂದ ಎಲ್ಲಾ ಒಟ್ಟಿಗೆ ಮಿಡಿಯುತ್ತೆ. ಮಿದುಳು ನರ ಅಂಗಾಂಶ, ಬೆನ್ನಿಂದ ಕಾಲ್ಬೆರಳಿಗೆ ಹೋಗೋ ಒಂದೊಂದು ನರಕೋಶದ ಬಾಲ ಹತ್ರ ಹತ್ರ ಒಂದು ಮೀಟರ್ ಉದ್ದ ಇರುತ್ತೆ, ಒಂದೇ ಕೋಶ. ಮಾಂಸ ಮುಟ್ಟದ ಮನೆಯಾದ್ರೆ ಮಗಳ ಮೈಯಲ್ಲೇ ನೋಡ್ಕೊಳ್ಳಲಿ. ಹಿಮ್ಮಡಿ ಮೇಲೆ ಗಟ್ಟಿ ಹಗ್ಗದ ತರ ಸಿಗೋದು ಸ್ನಾಯುರಜ್ಜು, ಮೂಗಿನ ತುದಿ ಮೃದ್ವಸ್ಥಿ, ತೋಳು ಮಡಿಸಿದಾಗ ಉಬ್ಬೋದು ಸ್ನಾಯು.

ಮೈಕ್ರೋಸ್ಕೋಪ್ ಸದ್ಯಕ್ಕೆ ಬೇಡ, ಆ ದುಡ್ಡಿಗೆ ಒಂದು ಒಳ್ಳೆ ಕೈ ಲೆನ್ಸ್ ಕೊಡಿಸಿ, ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸೋದು, ಕಬ್ಬಿನ ಚುಕ್ಕಿ ಅದರಲ್ಲಿ ಬೇಕಾದಷ್ಟು ಕಾಣುತ್ತೆ. ಪ್ರಾಣಿ ಅಂಗಾಂಶಗಳನ್ನ ಮೊದಲು ಕ್ರಮವಾಗಿ ವಿಂಗಡಿಸಿದ ಫ್ರೆಂಚ್ ವೈದ್ಯ ಬಿಷಾ ಮೈಕ್ರೋಸ್ಕೋಪ್ ನಂಬ್ತಾನೇ ಇರಲಿಲ್ಲ, ಬೇಯಿಸಿ ಒಣಗಿಸಿ ನೆನೆಸಿ ಕೈಯಲ್ಲಿ ಬಿಡಿಸಿ ನೋಡಿ 21 ತರ ಅಂಗಾಂಶ ಅಂತ ಲೆಕ್ಕ ಹಾಕಿದ್ದ, 1802ರಲ್ಲಿ ತೀರಿಕೊಂಡಾಗ ಅವನಿಗೆ ಬರೀ 30 ವರ್ಷ. ಅವನ ಲೆಕ್ಕ ಇವತ್ತಿನ ಲೆಕ್ಕಕ್ಕೆ ಸರಿ ಹೋಗಲ್ಲ, ನಾವೀಗ ನಾಲ್ಕು ಮುಖ್ಯ ಗುಂಪು ಅಂತೀವಿ, ಆದ್ರೆ ದಾರಿ ಹಾಕಿದ್ದು ಅವನೇ. ಕ್ಸೈಲಂ, ಫ್ಲೋಯಂ ಅನ್ನೋ ಹೆಸರು ಕೊಟ್ಟಿದ್ದು ನೇಗೆಲಿ ಅನ್ನೋ ಸ್ವಿಸ್ ಸಸ್ಯವಿಜ್ಞಾನಿ, 1858ರಲ್ಲಿ. ನಮ್ಮ ಕನ್ನಡದವರೂ ಇದ್ದಾರೆ, ಡಿವಿಜಿಯವರ ಮಗ ಬಿ.ಜಿ.ಎಲ್. ಸ್ವಾಮಿ ಅವರನ್ನ ನಾವು ಬರಹಗಾರರು ಅಂತಾನೇ ನೆನೆಸ್ಕೊಳ್ತೀವಿ, ಅವರ ವೃತ್ತಿ ಸಸ್ಯಗಳ ಒಳರಚನೆ, ಹಾರ್ವರ್ಡ್‌ನ ಬೈಲಿ ಅವರ ಜೊತೆ ಸಾರ್ಕಾಂಡ್ರ ಅನ್ನೋ ಗಿಡದ ಕ್ಸೈಲಂ ಬಗ್ಗೆ 1950ರಲ್ಲಿ ಬರೆದಿದ್ರು. ಕ್ಸೈಲಂ ಅನ್ನೋ ಹೆಸರು ಮಗಳಿಗೆ ಬೇಜಾರು ತಂದಾಗ ಇದನ್ನ ಹೇಳಿ.

ಕೋಶಾನೇ ನೋಡಬೇಕು ಅಂತ ಹಠ ಮಾಡಿದ್ರೆ ಸ್ಕೂಲಲ್ಲಿ ಮೈಕ್ರೋಸ್ಕೋಪ್ ಇದ್ದೇ ಇರುತ್ತೆ, ವಿಜ್ಞಾನದ ಟೀಚರ್ ಹತ್ರ ಹೋಗಿ ನೀವೇ ಒಂದು ಮಾತು ಕೇಳಿ, ಕೇಳಿದ್ರೆ ಖುಷಿಯಾಗಿ ತೆಗೀತಾರೆ. ಈರುಳ್ಳಿ ಪೊರೆ ಒಂದು, ಕೆನ್ನೆ ಒಳಗೆ ಹಲ್ಲುಕಡ್ಡಿಯ ಮೊಂಡು ತುದೀಲಿ ಮೆಲ್ಲಗೆ ಸವರಿ ತೆಗೆದದ್ದು ಒಂದು, ಎರಡನ್ನೂ ಪಕ್ಕ ಪಕ್ಕ ನೋಡಲಿ. ಈರುಳ್ಳೀದು ಇಟ್ಟಿಗೆ ಗೋಡೆ ಕಟ್ಟಿದ ಹಾಗೆ, ಕೆನ್ನೇದು ಚಪ್ಪಟೆಯಾಗಿ ಅಂಚು ಸುಕ್ಕಾಗಿ ಚೆಲ್ಲಿಕೊಂಡಿರುತ್ತೆ, ಕೋಶಗೋಡೆ ಇದೆಯಾ ಇಲ್ವಾ ಅನ್ನೋದು ಅಲ್ಲೇ ಕಾಣ್ಸುತ್ತೆ.

ಟ್ಯೂಷನ್ ವಿಷಯ ನಾನು ಬೇಡ ಅಂತೀನಿ. ಪರೀಕ್ಷೆಗೆ ಚಿತ್ರ ಕೇಳೇ ಕೇಳ್ತಾರೆ, ದಿನಕ್ಕೆ ಒಂದರಂತೆ ಪುಸ್ತಕ ಮುಚ್ಚಿ ಬರೆಯಲಿ, ನರಕೋಶ ಮತ್ತು ಫ್ಲೋಯಂ ಎರಡು ಮಕ್ಕಳು ಜಾಸ್ತಿ ತಪ್ಪು ಮಾಡೋದು, ಅವನ್ನ ಎರಡೆರಡು ಸಲ. ಹೆಸರು ಬರೆಯುವಾಗ ಪಕ್ಕದಲ್ಲಿ ತಾನು ಎಲ್ಲಿ ನೋಡಿದ್ದು ಅಂತ ಪೆನ್ಸಿಲಲ್ಲಿ ಬರ್ಕೊಳ್ಳಲಿ, ಸ್ಕ್ಲೀರೆಂಕೈಮ ಪಕ್ಕ ರಚ್ಚು, ಪೇರೆಂಕೈಮ ಪಕ್ಕ ಕಬ್ಬಿನ ಹಾಲು, ಹಿಂಗೆ. ಈ ಸಲ ಕಬ್ಬು ಕಡಿಯೋಕೆ ಆಳು ಬಂದಾಗ ಅವಳಿಗೆ ರಜ ಇದ್ರೆ ಜೊತೆಗೆ ಕರ್ಕೊಂಡು ಹೋಗಿ, ಮಚ್ಚು ನೀವೇ ಹಿಡೀರಿ, ಲೆನ್ಸ್ ಅವಳ ಕೈಗೆ ಕೊಡಿ.